ಹಿತ್ತಲ ಬಾಗಿಲಿಗೆ ನೀರು

ಬ್ಯಾಡಗಿಯ ನಮ್ಮ ತವರುಮನೆಯಲ್ಲಿ ಮೆಣಸಿನಕಾಯಿ ಪೇಟೆಯಿಂದ ಬಂದವರು ಯಾರೂ ಮುಂಬಾಗಿಲಿನಿಂದ ಒಳಗೆ ಬರುವಂತಿಲ್ಲ. ಅಪ್ಪನ ಕಾಲದಿಂದಲೂ ಇದು ಪದ್ಧತಿ. ಅಂಗಿ, ತಲೆ, ಹುಬ್ಬು, ಕಿವಿಯ ಸಂದಿ, ಎಲ್ಲ ಕಡೆ ಕೆಂಪು ಧೂಳು ಕೂತಿರುತ್ತದೆ. ಅದನ್ನು ಹೊತ್ತುಕೊಂಡು ಪಡಸಾಲೆಗೆ ಬಂದರೆ ಮನೆಮಂದಿಯೆಲ್ಲ ಸೀನಿ ಸೀನಿ ಸುಸ್ತಾಗಬೇಕು. ಆದ್ದರಿಂದ ಹಿತ್ತಲ ಬಾಗಿಲಲ್ಲಿ ಒಂದು ಬಕೆಟ್ ನೀರು, ಒಂದು ತಂಬಿಗೆ, ಒಂದು ಒಗೆದ ಅಂಗಿ ಇಟ್ಟಿರಬೇಕು. ಬರುವವರು ಮೊದಲೇ ತಿಳಿಸಬೇಕು. ಅಪ್ಪ ಓಣಿಯ ತುದಿಯಿಂದಲೇ ಕೂಗುತ್ತಿದ್ದ. ಅಪ್ಪ ಹೋದ ಮೇಲೆ ದಲಾಲಿ ಅಂಗಡಿ ನೋಡಿಕೊಂಡ ನನ್ನ ತಮ್ಮ ಫೋನಿನಲ್ಲಿ ಕೂಗುತ್ತಿದ್ದ.

"ಯವ್ವಾ, ಹಿತ್ತಲ ಬಾಗಲಕ್ಕ ನೀರಿಡು. ಬರಾಕತ್ತೇನಿ."

ಮಾತಿಗೆ ಮೊದಲು ಒಂದು ಕೆಮ್ಮು. ಮನೆಯವರಿಗೆಂದು ಮಾಡಿಕೊಂಡ ವಾಟ್ಸಾಪ್ ಗುಂಪಿಗೆ ಪೇಟೆಯ ದಿನ ಮಧ್ಯಾಹ್ನ ಈ ವಾಯ್ಸ್ ಮೆಸೇಜ್ ತಪ್ಪದೆ ಬರುತ್ತಿತ್ತು. ರಾಣೆಬೆನ್ನೂರಿನ ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುವ ನಾನು ಆಗ ಊಟದ ಡಬ್ಬಿ ಬಿಚ್ಚುತ್ತಿರುತ್ತಿದ್ದೆ. "ನಿನ್ನ ಬಕೆಟ್ ನೀರಿನ ಸುದ್ದಿ ಊರಿಗೆಲ್ಲಾ ಯಾಕೋ?" ಎಂದು ಎಷ್ಟೋ ಸಲ ಬೈದಿದ್ದೇನೆ. ಅವನು ನಗುವ ಮುಖದ ಚಿತ್ರ ಕಳಿಸುತ್ತಿದ್ದ. ಮುಂದಿನ ಪೇಟೆಗೆ ಮತ್ತೆ ಅದೇ ಕೆಮ್ಮು, ಅದೇ ಮಾತು.

ಹೋದ ಸುಗ್ಗಿಯಲ್ಲಿ ಒಂದು ದಿನವೂ ಹಾಗೆಯೇ ಬಂತು. ಮನೆಯಲ್ಲಿ ನೀರಿಟ್ಟರು. ಅವನು ಬರಲಿಲ್ಲ. ಅಂಗಡಿಯ ಕಟ್ಟೆ ಇಳಿಯುವಾಗ ಎದೆ ಹಿಡಿದುಕೊಂಡು ಕುಸಿದವನು ಅಲ್ಲಿಯೇ ಹೋಗಿಬಿಟ್ಟಿದ್ದ. ಅವನನ್ನು ಮುಂಬಾಗಿಲಿನಿಂದ ತಂದರು. ಅಂಗಿಯ ಮೇಲೆ ಧೂಳು ಹಾಗೇ ಇತ್ತು. ಅಳುವವರೆಲ್ಲ ಸೀನುತ್ತಿದ್ದರು, ಸೀನುವವರೆಲ್ಲ ಅಳುತ್ತಿದ್ದರು. ಹಿತ್ತಲಲ್ಲಿ ಬಕೆಟ್ ಸಂಜೆಯವರೆಗೂ ಕೂತಿತ್ತು. ಅದನ್ನು ಚೆಲ್ಲಲು ನನಗೆ ಕೈ ಬರಲಿಲ್ಲ.

ಮಳೆಗಾಲ ಶುರುವಾಗುವ ಹೊತ್ತಿಗೆ ತಮ್ಮನ ಹೆಂಡತಿ ಫೋನು ಮಾಡಿದಳು. ಅವಳು ಮಾತಿಗೆ ಬಹಳ ಕಡಿಮೆ. ಇಷ್ಟು ವರ್ಷಗಳಲ್ಲಿ ಅವಳಾಗಿಯೇ ನನಗೆ ಫೋನು ಮಾಡಿದ್ದು ನೆನಪಿಲ್ಲ.

"ಅಕ್ಕಾರ, ಅವ್ರ ಫೋನ್ ಹೊಟ್ಟಿ ಉಬ್ಬೇತ್ರಿ."

ಅವನು ಹೋದ ದಿನದಿಂದ ಅವಳು ಆ ಫೋನನ್ನು ಚಾರ್ಜರಿನಿಂದ ಬಿಡಿಸಿಯೇ ಇರಲಿಲ್ಲವಂತೆ. ಬ್ಯಾಟರಿ ಊದಿ, ಗಾಜು ಒಂದು ಕಡೆ ಎದ್ದಿತ್ತು. "ಮೊದಲು ವೈರ್ ಕೀಳು, ಮುಟ್ಟಬ್ಯಾಡ" ಎಂದು ಗದರಿಸಿ, ಸಿಕ್ಕ ಬಸ್ಸು ಹತ್ತಿದೆ. ಅವನ ದನಿ, ಅವನು ತೆಗೆದ ಫೋಟೋ, ವಿಡಿಯೋ ಎಲ್ಲ ಇದ್ದದ್ದು ಅದೊಂದರಲ್ಲೇ. ಗುಂಪಿನ ಹಳೆಯ ಮೆಸೇಜುಗಳನ್ನು ಜಾಗ ಸಾಲದೆಂದು ನಾವೆಲ್ಲರೂ ಅಳಿಸುತ್ತ ಬಂದವರೇ. ಎಲ್ಲವನ್ನೂ ಎರಡೆರಡು ಕಡೆ ಇಡಿ ಎಂದು ವರ್ಷವೆಲ್ಲ ಹುಡುಗರಿಗೆ ಪಾಠ ಹೇಳುವವಳ ತವರಿನ ಕಥೆ ಇದು. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರು ಎಂದರೆ ಇನ್ನೇನು?

ರಿಪೇರಿ ಅಂಗಡಿಯಲ್ಲಿ ಬ್ಯಾಟರಿ ಬದಲಿಸಿಕೊಂಡು ಬಂದೆ. ವೈರ್ ಸರಿಯಾಗಿ ಕೂಡುತ್ತಿರಲಿಲ್ಲ. ಫೋನಿನ ತೂತಿನೊಳಗೆ ಧೂಳು ಗಟ್ಟಿಯಾಗಿತ್ತು. ಪಿನ್ನಿನಿಂದ ಕೆದರಿ ಊದಿದೆ. ಚಿಟಿಕೆಯಷ್ಟು ಕೆಂಪು ಪುಡಿ ಹಾರಿತು. ನಾನು, ಅವ್ವ, ತಮ್ಮನ ಹೆಂಡತಿ, ಮೂವರೂ ಒಬ್ಬರ ಹಿಂದೊಬ್ಬರು ಸೀನಿದೆವು. ಆಮೇಲೆ ಯಾರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಅವನು ಒಳಗೆ ಬಂದಂತೆಯೇ ಇತ್ತು.

ಇನ್ನು ಒಂದು ಫೋನನ್ನು ನಂಬಿ ಕೂರುವುದು ಬೇಡವೆಂದು ನಾನು ರಾಣೆಬೆನ್ನೂರಿನಿಂದ ಒಂದು ಪೆಟ್ಟಿಗೆ ತಂದೆ. ರೊಟ್ಟಿ ಡಬ್ಬಿಯಷ್ಟು ದೊಡ್ಡದು. ಒಳಗೆ ಎರಡು ಹಾರ್ಡ್ ಡಿಸ್ಕ್. ಒಂದರಲ್ಲಿ ಬರೆದದ್ದು ಇನ್ನೊಂದರಲ್ಲೂ ಬರೆಯುತ್ತದೆ, ಒಂದು ಕೆಟ್ಟರೂ ಇನ್ನೊಂದು ಕೈಬಿಡುವುದಿಲ್ಲ. ವೈಫೈ ರೂಟರಿಗೆ ಜೋಡಿಸಿಟ್ಟರೆ ಮನೆಯ ಎಲ್ಲ ಫೋನುಗಳೂ ಟಿವಿಯೂ ಅದರೊಳಗಿನದನ್ನು ಹಂಚಿಕೊಳ್ಳಬಹುದು. ರೂಟರ್ ಇದ್ದದ್ದು ದೇವರ ಜಗಲಿಯ ಪಕ್ಕ. ಇನ್ವರ್ಟರಿನ ಕರೆಂಟು ಬರುವ ಪ್ಲಗ್ ಅಲ್ಲೊಂದೇ. ಪೆಟ್ಟಿಗೆಯನ್ನು ಜಗಲಿಯ ಮೂಲೆಯಲ್ಲೇ ಇಟ್ಟೆ.

"ದೇವ್ರಿಗೆ ಕೂಡಾಕ ಜಾಗಾ ಇಲ್ಲ, ಇದನ್ಯಾಕ ತಂದು ಕುಂದರಿಸಿದೆವ್ವಾ?" ಎಂದಳು ಅವ್ವ.

"ನಿನ್ನ ಮಗನ ಫೋಟೋ, ದನಿ ಎಲ್ಲಾ ಇದರಾಗ ಇರ್ತಾವ ಅವ್ವಾ. ಇನ್ನ ಕೆಡಂಗಿಲ್ಲ."

ಅವ್ವ ಸ್ವಲ್ಪ ಹೊತ್ತು ಅದರ ನೀಲಿ ದೀಪ ಮಿಣುಕುವುದನ್ನು ನೋಡಿದಳು. ಮರುದಿನ ಬೆಳಿಗ್ಗೆ ಪೆಟ್ಟಿಗೆಯ ಹಣೆಗೆ ವಿಭೂತಿ ಇತ್ತು. ಗಾಳಿಯಾಡುವ ಕಂಡಿಗೆ ಮಾತ್ರ ಹಚ್ಚಬೇಡ ಎಂದೆ, ಅಷ್ಟೇ.

ಒಬ್ಬೊಬ್ಬರಿಗೆ ಒಂದೊಂದು ಫೋಲ್ಡರ್ ಮಾಡಿದೆ. ಅವ್ವನದು, ತಮ್ಮನ ಹೆಂಡತಿಯದು, ಅವರ ಮಗಳದು, ಹೊಲ ಮನೆಯ ಕಾಗದಗಳದು. ತಮ್ಮನದಕ್ಕೂ ಒಂದು. ಫೋನಿನಲ್ಲಿದ್ದದ್ದೆಲ್ಲ ಅದಕ್ಕೆ ಇಳಿಯಲು ಇಡೀ ದಿನ ಹಿಡಿಯಿತು. ಅವ್ವನಿಗೆ ಫೋನಿನ ಸಣ್ಣ ಪರದೆ ಕಾಣುವುದಿಲ್ಲ, ಫೋಟೋಗಳನ್ನು ಟಿವಿಯಲ್ಲಿ ನೋಡಲಿ ಎಂದು ಎಲ್ಲ ಫೋಲ್ಡರುಗಳನ್ನೂ ಟಿವಿಗೆ ತೆರೆದಿಟ್ಟೆ. ಹೊಸದು ಮೊದಲು ಬರುವಂತೆ ಹೊಂದಿಸಿದೆ. ತಮ್ಮನ ಫೋಲ್ಡರಿನಲ್ಲಿ ಎಲ್ಲಕ್ಕಿಂತ ಹೊಸದು ಯಾವುದೆಂದು ನಾನು ಯೋಚಿಸಲಿಲ್ಲ.

ಮರುದಿನ ಮಧ್ಯಾಹ್ನ ನಾನು ಪಡಸಾಲೆಯಲ್ಲಿ ವೈರುಗಳನ್ನು ಕಟ್ಟುತ್ತಿದ್ದೆ. ಅವ್ವ ರಿಮೋಟ್ ಹಿಡಿದು ಏನೋ ಒತ್ತಿದಳು. ಟಿವಿ ಕೆಮ್ಮಿತು.

"ಯವ್ವಾ, ಹಿತ್ತಲ ಬಾಗಲಕ್ಕ ನೀರಿಡು. ಬರಾಕತ್ತೇನಿ."

ಫೋನಿನಲ್ಲಿ ಸಣ್ಣದಾಗಿದ್ದ ದನಿ ಟಿವಿಯಲ್ಲಿ ಮನೆ ತುಂಬಿತು. ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ನಿಂತಿತು. ತಮ್ಮನ ಹೆಂಡತಿ ಹಿಟ್ಟಿನ ಕೈಯಲ್ಲೇ ಎದ್ದು ಹೋದಳು. ನಲ್ಲಿ ಬಿಟ್ಟ ಸದ್ದು, ಬಕೆಟ್ ತುಂಬುವ ಸದ್ದು, ಹಿತ್ತಲ ಬಾಗಿಲ ಚಿಲಕದ ಸದ್ದು. ನಾನು ಓಡಿ ಹೋಗಿ ನೋಡಿದರೆ ಅವಳು ಬಕೆಟ್ ಇಟ್ಟು, ತೆರೆದ ಬಾಗಿಲಿನ ಎದುರು ನಿಂತಿದ್ದಳು. ಹಿತ್ತಲಲ್ಲಿ ಯಾರೂ ಇರಲಿಲ್ಲ. ಅವಳಿಗೆ ಆಮೇಲೆ ಎಚ್ಚರವಾಯಿತೆಂದು ಕಾಣುತ್ತದೆ, ಕೈಯ ಹಿಟ್ಟನ್ನು ನೋಡಿಕೊಂಡಳು.

ಒಳಗೆ ಅವ್ವ ಅಳುತ್ತಿದ್ದಳು. "ನೀರ ಬೇಡಾಕತ್ತಾನವ್ವಾ ನನ್ನ ಮಗ. ನೀರಡಿಸ್ಯಾನ."

"ಅವ್ವಾ, ಅದು ಹಳೇ ವಾಯ್ಸ್. ಮಷೀನಿನಾಗಿಂದು."

"ಹಳೇದರ ಇರ್ಲಿ, ಹೊಸಾದರ ಇರ್ಲಿ. ಬೇಡಿದ್ದು ನೀರ ಹೌದಿಲ್ಲೋ?"

ತಮ್ಮನ ಹೆಂಡತಿಯ ಮುಖ ನೋಡಿದ ಮೇಲೆ ಈ ಮನೆಯಲ್ಲಿ ಆ ದನಿ ಮತ್ತೆ ಕೇಳಿಸಬಾರದು ಎನಿಸಿತು. ಆಗಲೇ ತಮ್ಮನ ಫೋಲ್ಡರಿಗೆ ಪಾಸ್‌ವರ್ಡ್ ಹಾಕಿ, ಟಿವಿಯಿಂದ ತೆಗೆದುಬಿಟ್ಟೆ. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ ಎಂದುಕೊಂಡು ರಾಣೆಬೆನ್ನೂರಿಗೆ ಮರಳಿದೆ. ಯಾರನ್ನೂ ಒಂದು ಮಾತು ಕೇಳಲಿಲ್ಲ. ಅದು ನನ್ನ ಸ್ವಭಾವ.

ಒಂದೇ ಮನೆಯಲ್ಲಿದ್ದರೆ ಸಾಲದು, ಬೇರೆ ಊರಿನಲ್ಲೂ ಒಂದು ಪ್ರತಿ ಇರಬೇಕು ಎನ್ನುವುದು ಈ ವಿದ್ಯೆಯ ನಿಯಮ. ಹಾಗಾಗಿ ರಾಣೆಬೆನ್ನೂರಿನ ನನ್ನ ಮನೆಯಲ್ಲೂ ಅಂಥದೇ ಒಂದು ಸಣ್ಣ ಪೆಟ್ಟಿಗೆ ಇಟ್ಟೆ. ಬ್ಯಾಡಗಿಯ ಪೆಟ್ಟಿಗೆಗೆ ಸೇರಿದ್ದೆಲ್ಲ ಇಲ್ಲಿಗೂ ಬರುತ್ತದೆ. ಬೆಳಿಗ್ಗೆ ನಾನು ಚಹಾ ಕುಡಿಯುವ ಹೊತ್ತಿಗೆ ಫೋನಿಗೆ ಒಂದು ವರದಿ: ಯಾರ ಫೋಲ್ಡರಿನಲ್ಲಿ ಏನು ಹೊಸದು ಎಂದು. ತಮ್ಮನ ಮಗಳ ಸಾಲಿನಲ್ಲಿ ದಿನಾ ಏನಾದರೂ ಇರುತ್ತಿತ್ತು. ತಮ್ಮನ ಸಾಲಿನಲ್ಲಿ ಒಂದೇ ಮಾತು: ಬದಲಾವಣೆ ಇಲ್ಲ.

ಇದನ್ನು ನಾನೇ ಹೊಂದಿಸಿದ್ದು. ಆದರೂ ದಿನ ಕಳೆದಂತೆ ಆ ಸಾಲಿಗೆ ಹೆದರತೊಡಗಿದೆ. ಸತ್ತವನ ಮನೆಗೆ ದಿನಾ ಹೋಗಿ ಬಾಗಿಲು ಬಡಿದು, ಇನ್ನೂ ಸತ್ತೇ ಇದ್ದಾನೆ ಎಂದು ನನಗೆ ಬಂದು ಹೇಳಿದ ಹಾಗಿತ್ತು. ಮನೆಯಲ್ಲಿ ಒಬ್ಬಳೇ ಇದ್ದಾಗ ಪೆಟ್ಟಿಗೆಯೊಳಗೆ ಡಿಸ್ಕ್ ಕರ್ ಎನ್ನುತ್ತದೆ. ಅದು ಗಂಟಲು ಸರಿಮಾಡಿಕೊಳ್ಳುವ ಸದ್ದಿನಂತೆಯೇ ಇದೆ. ಮಾತು ಬರುತ್ತದೇನೋ ಎಂದು ಕೈಯ ಕೆಲಸ ಬಿಟ್ಟು ನಿಲ್ಲುತ್ತಿದ್ದೆ. ಪೇಟೆಯ ದಿನ ಊಟದ ಡಬ್ಬಿಯನ್ನು ಬಿಚ್ಚದೆಯೇ ಮನೆಗೆ ತರುತ್ತಿದ್ದೆ.

ಹೀಗಿರುವಾಗ ತಮ್ಮನ ಹೆಂಡತಿ ಎರಡನೇ ಸಲ ಫೋನು ಮಾಡಿದಳು.

"ಅಕ್ಕಾರ, ಒಂದ್ ಕೇಳ್ಲೇನ್ರಿ?"

"ಕೇಳವ್ವಾ."

"ಅವ್ರ ದನಿ ಅಷ್ಟೆಲ್ಲಾ ಐತಿ ಅಂದ್ರೆಲ್ರೀ. ಅದರಾಗ ನನ್ನ ಜೋಡಿ ಮಾತಾಡಿದ್ದು ಒಂದರ ಐತೇನು ನೋಡ್ತೀರೇನ್ರಿ? ಬೈದದ್ದಿದ್ರೂ ನಡೀತೈತ್ರಿ."

ಇರುತ್ತದೆ ಬಿಡು, ಹುಡುಕಿ ಕೊಡುತ್ತೇನೆ ಎಂದು ದೊಡ್ಡದಾಗಿ ಹೇಳಿದೆ. ಪಾಸ್‌ವರ್ಡ್ ತೆರೆದು ಮೊದಲಿನಿಂದ ಕೇಳುತ್ತ ಕೂತೆ. ಪೇಪರ್ ತಿದ್ದುವ ಕೆಲಸಕ್ಕೆ ಹಾವೇರಿಗೆ ಹೋಗಿಬರುವ ಬಸ್ಸಿನಲ್ಲೂ ಕಿವಿಗೆ ವೈರು ಸಿಕ್ಕಿಸಿಕೊಂಡು ಕೇಳಿದೆ. ಪಕ್ಕದಲ್ಲಿ ಕೂತವರು ನಾನು ಕಣ್ಣೊರೆಸಿಕೊಳ್ಳುವುದನ್ನು ನೋಡಿ ಕಿಟಕಿ ಮುಚ್ಚಿದರು, ಧೂಳು ಎಂದುಕೊಂಡು. ಅಗಡಿ ಊರಿನ ರೈತರಿಗೆ ರೇಟು ಹೇಳುವ ತಮ್ಮ ಸಿಕ್ಕಿದ. ಹಮಾಲರ ಜೊತೆ ಚೇಷ್ಟೆ ಮಾಡುವ ತಮ್ಮ ಸಿಕ್ಕಿದ. ಅಂಗೈಯಲ್ಲಿ ಮೆಣಸಿನಕಾಯಿ ಹಿಡಿದು ತೆಗೆದ ಫೋಟೋಗಳು ಲೆಕ್ಕವಿಲ್ಲದಷ್ಟು. ಅವ್ವನಿಗೆ, ಮಗಳಿಗೆ, ನನಗೆ ಹೇಳಿದ ಮಾತುಗಳೂ ಇದ್ದವು. ಹೆಂಡತಿಗೆಂದು ಹೇಳಿದ್ದು ಒಂದೂ ಇರಲಿಲ್ಲ.

ಹೇಗೆ ಇರುತ್ತದೆ? ಹಿರಿಯರ ಎದುರು ಹೆಂಡತಿಯನ್ನು ಹೆಸರು ಹಿಡಿದು ಕರೆಯುವ ರೂಢಿ ನಮ್ಮ ಮನೆಯಲ್ಲಿಲ್ಲ. ಅವಳೂ ಅಷ್ಟೇ, ಅತ್ತೆಯ ಎದುರು ಗಂಡನನ್ನು ಕೂಗಿದವಳಲ್ಲ. ವಾಟ್ಸಾಪ್ ಗುಂಪಿನಲ್ಲಿ ಅವ್ವ ಇದ್ದಾಳೆ ಎಂದರೆ ಪಡಸಾಲೆಯಲ್ಲಿ ಅವ್ವ ಕೂತಿದ್ದಾಳೆ ಎಂದೇ ಲೆಕ್ಕ. ಅವಳಿಗೆ ಏನಾದರೂ ಹೇಳುವುದಿದ್ದರೆ ನೇರ ಫೋನು ಮಾಡುತ್ತಿದ್ದ. ಫೋನಿನಲ್ಲಿ ಆಡಿದ ಮಾತು ಎಲ್ಲೂ ಉಳಿಯುವುದಿಲ್ಲ. ಒಂದು ವಿಡಿಯೋದಲ್ಲಿ ಅವ್ವ ಶಾವಿಗೆ ಒಣಹಾಕುತ್ತಿದ್ದಾಳೆ, ತಮ್ಮ ಚಿತ್ರ ತೆಗೆಯುತ್ತಿದ್ದಾನೆ. ಹಿಂದಿನಿಂದ ಹೆಂಡತಿ ತಟ್ಟೆ ಹಿಡಿದು ಬರುತ್ತಾಳೆ. ಒಡನೆಯೇ ಫೋನು ಬೇವಿನ ಮರದ ಕಡೆ ತಿರುಗುತ್ತದೆ. ಅವಳ ಬಳೆಯ ಸದ್ದಷ್ಟೇ ಅದರಲ್ಲಿ ಉಳಿದಿದೆ. ಸತ್ತವನ ಮೇಲೆ ನನಗೆ ಆಗ ಬಂದ ಸಿಟ್ಟು ಅಷ್ಟಿಷ್ಟಲ್ಲ. ಒಂದು ಸಲ, ಒಂದೇ ಒಂದು ಸಲ ಅವಳನ್ನು ಕರೆದಿದ್ದರೆ ನಿನ್ನ ಗಂಟು ಏನು ಹೋಗುತ್ತಿತ್ತು ಎಂದು ಬಸ್ಸಿನಲ್ಲೇ ಬೈದೆ.

ಇದನ್ನು ಫೋನಿನಲ್ಲಿ ಹೇಳಲಾಗದೆ ಬ್ಯಾಡಗಿಗೆ ಹೋದೆ. ಅವಳು ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಿದ್ದಳು. ಬಾಗಿಲ ಪಕ್ಕ ಬಕೆಟ್ ತುಂಬಿ ಇಟ್ಟಿತ್ತು, ಮೇಲೆ ತಂಬಿಗೆ. ನಾನು ಫೋಲ್ಡರಿಗೆ ಕೀಲಿ ಹಾಕಿ ಹೋದ ಮೇಲೂ ನೀರಿಡುವುದು ನಿಂತಿರಲಿಲ್ಲ.

"ಎಲ್ಲಾ ಕೇಳಿದೆನವ್ವಾ," ಎಂದೆ. "ನಿನಗ ಅಂತ ಆಡಿದ್ದು ಒಂದೂ ಸಿಗಲಿಲ್ಲ."

ಅವಳು ಅಳುತ್ತಾಳೆ ಎಂದು ಕಾದೆ. ಅಳಲಿಲ್ಲ. ಕೈ ತೊಳೆದುಕೊಂಡು, ಸೆರಗಿಗೆ ಒರೆಸಿಕೊಂಡಳು.

"ಅವ್ರು ಕೊನೀಗೆ ಕಳಿಸಿದ್ದು ಐತೆಲ್ರೀ, ಟಿವಿಯಾಗ ಬಂದದ್ದು?"

"ಅದು ಅವ್ವಗ ಹೇಳಿದ್ದು."

"ಅತ್ತೆಮ್ಮಾರ ಮೊಣಕಾಲು ಬಕೇಟ ಎತ್ತೂದು ಬಿಟ್ಟು ಎಷ್ಟ ವರ್ಷ ಆತ್ರಿ, ಅಕ್ಕಾರ? ಯವ್ವಾ ಅಂತ ಕರೀತಿದ್ರು. ನೀರ ನಾ ಇಡ್ತಿದ್ದೆ. ಅದು ಅವ್ರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು." ತಂಬಿಗೆಯನ್ನು ಬಕೆಟ್ಟಿನ ಮೇಲೆ ನೆಟ್ಟಗೆ ಇಟ್ಟು ಹೇಳಿದಳು: "ನಿಮ್ಮ ಬಾಯಿಂದ ಒಮ್ಮೆ ಕೇಳಬೇಕಿತ್ರಿ, ಬ್ಯಾರೆ ಯಾವುದೂ ಇಲ್ಲ ಅಂತ. ಈಗ ಅದ ನಂದು. ಆ ಕೀಲಿ ತಗದುಬಿಡ್ರಿ. ನಾ ಅಂಜೂದಿಲ್ಲ."

ಅವಳು ಅಂಜುತ್ತಾಳೆಂದು ಕೀಲಿ ಹಾಕಿದವಳು ನಾನು. ಅಂಜಿದ್ದು ಯಾರೆಂದು ಆಗ ತಿಳಿಯಿತು. ಜಗಲಿಯ ಮುಂದೆ ಕೂತು ಪಾಸ್‌ವರ್ಡ್ ತೆಗೆದೆ, ಆ ಫೋಲ್ಡರನ್ನು ಅವಳ ಫೋನಿಗೆ ತೆರೆದುಕೊಟ್ಟೆ. ಕೇಳುವುದು ಹೇಗೆಂದು ತೋರಿಸಿದೆ. ಅವಳು ಪಕ್ಕದಲ್ಲಿ ಕೂತು ನೋಡಿ, "ನಾ ಅದರಾಗ ಏನರ ಇಡಬೇಕಂದ್ರ ಹ್ಯಾಂಗ್ರಿ?" ಎಂದಳು. ಮಗಳ ಮಾರ್ಕ್ಸ್ ಕಾರ್ಡೋ, ಹೊಲದ ಕಾಗದವೋ ಇರಬೇಕೆಂದುಕೊಂಡು ಅದನ್ನೂ ತೋರಿಸಿದೆ. ಅವಳು ಎರಡು ಸಲ ಮಾಡಿ ನೋಡಿ ಕಲಿತುಕೊಂಡಳು.

ಈ ಸುಗ್ಗಿ ಶುರುವಾಗಿ, ಬ್ಯಾಡಗಿಯ ಗಾಳಿಯಲ್ಲಿ ಮತ್ತೆ ಘಾಟು ಸೇರಿದ ಮೇಲೆ ಒಂದು ಬೆಳಿಗ್ಗೆ ಚಹಾ ಹಿಡಿದು ವರದಿ ತೆರೆದೆ. ಅವ್ವ: ಬದಲಾವಣೆ ಇಲ್ಲ. ಮಗಳು: ಹೊಸವು ಕೆಲವು. ತಮ್ಮ: ಹೊಸದು ಒಂದು.

ಕಪ್ ಕೆಳಗಿಟ್ಟೆ. ಕಂಪ್ಯೂಟರ್ ಕಲಿಸುವವಳಿಗೆ ಇದು ಹೇಗಾಗುತ್ತದೆಂದು ಗೊತ್ತಿರಬೇಕು. ಗೊತ್ತಿತ್ತು ಕೂಡ. ಆದರೂ ಬಹಳ ಹೊತ್ತು ಬಿಟ್ಟು ಒತ್ತಿದೆ.

ನಲ್ಲಿಯ ನೀರು ಬಕೆಟ್ಟಿಗೆ ಬೀಳುವ ಸದ್ದು. ತಂಬಿಗೆ ಇಟ್ಟ ಸದ್ದು. ಚಿಲಕ ತೆಗೆದು ಬಾಗಿಲು ತೆರೆದದ್ದು. ದೂರದಲ್ಲಿ ಪೇಟೆಗೆ ಹೋಗುವ ಗಾಡಿಗಳು. ಆಮೇಲೆ ತಮ್ಮನ ಹೆಂಡತಿಯ ದನಿ. ಅತ್ತೆಯ ಎದುರು ಆಡುವ ಪಿಸುದನಿಯಲ್ಲ, ಓಣಿಯ ತುದಿಯವರೆಗೆ ಕೇಳುವಂಥದು.

"ನೀರಿಟ್ಟೇನ್ರಿ. ಬರ್ರಿ."

ನಾನು ಅದನ್ನು ಇನ್ನೊಮ್ಮೆ ಹಾಕಲಿಲ್ಲ. ಅದು ನನಗೆ ಬಂದ ಮಾತಲ್ಲ. ಆದರೆ ಅಂದಿನಿಂದ ಬೆಳಿಗ್ಗೆ ವರದಿ ಬಂದೊಡನೆ ಮೊದಲು ತಮ್ಮನ ಸಾಲನ್ನೇ ನೋಡುತ್ತೇನೆ. ಬದಲಾವಣೆ ಇಲ್ಲ ಎಂದೇ ಇರುತ್ತದೆ. ಉತ್ತರ ಬರುವುದಿಲ್ಲ ಎಂದು ನನಗೆ ಗೊತ್ತು. ಗೊತ್ತಿದ್ದೂ ನೋಡುತ್ತೇನೆ.