ಎಡಕ್ಕೆ ಬಿದ್ದ ಪ್ರಸಾದ ಮತ್ತು ಮೂವತ್ತೈದನೇ ಕಲಂ

2024ರ ಜುಲೈಯಲ್ಲಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಜಾರಿಗೆ ಬಂದಾಗ ನಾನು ಅಂಕೋಲಾ ತಾಲೂಕಿನ ಠಾಣೆಯೊಂದರಲ್ಲಿ ಸಬ್ ಇನ್‌ಸ್ಪೆಕ್ಟರ್. ನಿವೃತ್ತಿ ಹತ್ತಿರವಿತ್ತು. ಬಾಯಿಪಾಠವಾಗಿದ್ದ ಕಲಂಗಳ ನಂಬರೆಲ್ಲ ಬದಲಾಗಿ, ಆ ವಯಸ್ಸಿನಲ್ಲಿ ಮತ್ತೆ ಪರೀಕ್ಷೆಗೆ ಕೂತ ಹಾಗಾಗಿತ್ತು.

ಆ ವರ್ಷದ ಮಳೆಗಾಲ ಮುಗಿದ ಮೇಲೆ ಮಂಜಗುಣಿಯ ನಾಗಪ್ಪ ಎಂಬವರು ದೋಣಿಯ ಎಂಜಿನ್ ಕಳವಾಗಿದೆ ಎಂದು ದೂರು ಕೊಟ್ಟರು. ಕದ್ದವನು ತೀರಿಹೋದ ತಮ್ಮನ ಮಗ ಸಂತೋಷ, ಇವತ್ತೇ ಅವನನ್ನು ಒಳಗೆ ಹಾಕಬೇಕು ಎಂದು ಪಟ್ಟು ಹಿಡಿದರು. ಸಂತೋಷ ಕಾರವಾರದ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತ, ಇನ್ನೂ ಪ್ರೊಬೇಷನ್ ಮುಗಿದಿರಲಿಲ್ಲ. ಸರ್ಕಾರಿ ನೌಕರ ನಲವತ್ತೆಂಟು ಗಂಟೆಗಿಂತ ಹೆಚ್ಚು ಕಸ್ಟಡಿಯಲ್ಲಿದ್ದರೆ ಅಮಾನತು ತಾನಾಗಿಯೇ ಬರುತ್ತದೆ. ಪ್ರೊಬೇಷನ್‌ನವನಿಗೆ ಅಲ್ಲಿಗೆ ನೌಕರಿಯೇ ಮುಗಿದಂತೆ. ನಾಗಪ್ಪನವರಿಗೂ ಇದು ಗೊತ್ತಿತ್ತು.

ಜನ ಬಂಧನವನ್ನೇ ಶಿಕ್ಷೆ ಎಂದುಕೊಳ್ಳುತ್ತಾರೆ. ಸಂಹಿತೆಯ ಮೂವತ್ತೈದನೇ ಕಲಂ ಪ್ರಕಾರ, ಏಳು ವರ್ಷದವರೆಗಿನ ಶಿಕ್ಷೆಯ ಅಪರಾಧಗಳಲ್ಲಿ ಪೊಲೀಸರು ಸುಮ್ಮನೆ ಬಂಧಿಸುವಂತಿಲ್ಲ. ಓಡಿಹೋಗುತ್ತಾನೆ, ಸಾಕ್ಷ್ಯ ಅಳಿಸುತ್ತಾನೆ ಎಂಬಂಥ ಕಾರಣ ಇರಬೇಕು, ಅದನ್ನು ಬರೆದಿಡಬೇಕು. ಅಂಥ ಕಾರಣ ಇಲ್ಲದಿದ್ದರೆ ಹಾಜರಾಗಲು ನೋಟಿಸ್ ಕೊಡಬೇಕು. ನಾನು ಕೊಟ್ಟೆ. ಈ ಎಸ್‌ಐ ಅವನ ಹತ್ತಿರ ದುಡ್ಡು ತಿಂದಿದ್ದಾನೆ ಎಂದು ನಾಗಪ್ಪ ಹೊರಗೆ ನಿಂತು ಹೇಳಿದ್ದು ನನ್ನ ಕಿವಿಗೂ ಬಿತ್ತು.

ಹೇಳಿದ ದಿನ ಸಂತೋಷ ಬರಲಿಲ್ಲ. ಫೋನ್ ಕೂಡ ಎತ್ತಲಿಲ್ಲ. ನನಗೆ ಪಿತ್ತ ನೆತ್ತಿಗೇರಿತು. ನೋಟಿಸ್‌ಗೆ ಬೆಲೆ ಕೊಡದವನನ್ನು ಬಂಧಿಸಬಹುದು ಎಂದು ಅದೇ ಕಲಂ ಹೇಳುತ್ತದೆ. ಹವಾಲ್ದಾರರನ್ನು ಕರೆದುಕೊಂಡು ಜೀಪ್ ಹತ್ತಿದೆ.

ಅವನು ಮಂಜಗುಣಿಯ ಮನೆ ಬಿಟ್ಟು ಎಲ್ಲಿಗೂ ಓಡಿಹೋಗಿರಲಿಲ್ಲ. ಇಸ್ತ್ರಿ ಅಂಗಿ ಹಾಕಿಕೊಂಡು, ನೋಟಿಸ್ ಕೈಯಲ್ಲೇ ಹಿಡಿದು ಒಳಗೆ ಕೂತಿದ್ದ. ಅವನ ತಾಯಿ ತುಳಸಿ ಬಾಗಿಲಿಗೆ ಅಡ್ಡ ನಿಂತಿದ್ದರು.

"ದೇವ್ರು ಬಲ ಕುಡ್ಲಿಲ್ಲ, ಸಾಯ್ಬ್ರೆ. ಪ್ರಸಾದ ಎಡಕ್ಕೆ ಬಿತ್ತು. ಠಾಣೆಗೆ ಕಳ್ಸೂಕೆ ಆಗುದಿಲ್ಲ."

ನಮ್ಮ ಕಡೆ ಮದುವೆಯಿರಲಿ, ದೋಣಿ ಇಳಿಸುವುದಿರಲಿ, ಮೊದಲು ದೇವಿಯಲ್ಲಿ ಪ್ರಸಾದ ಕೇಳುವುದು ರೂಢಿ. ಒದ್ದೆ ಹೂವಿನೆಸಳುಗಳನ್ನು ಮೂರ್ತಿಗೆ ಅಂಟಿಸಿ ಪ್ರಶ್ನೆ ಇಡುತ್ತಾರೆ. ಬಲಕ್ಕೆ ಬಿದ್ದರೆ ಒಪ್ಪಿಗೆ, ಎಡಕ್ಕೆ ಬಿದ್ದರೆ ಬೇಡ. ಹಣಕೋಣದ ನಮ್ಮ ಮನೆಯಲ್ಲೂ ಕೇಳದೆ ಬಾವಿ ತೋಡಿದವರಿಲ್ಲ. ಆದರೆ ಪೊಲೀಸ್ ನೋಟಿಸ್‌ಗೆ ಪ್ರಸಾದ ಕೇಳಿದ್ದನ್ನು ನಾನು ಕಂಡದ್ದು ಅದೇ ಮೊದಲು. ಅಮ್ಮನ ಮಾತು ಮೀರಲಾಗದೆ ಕೂತೆ ಎಂದು ಸಂತೋಷ ತಲೆ ತಗ್ಗಿಸಿದ.

ಹವಾಲ್ದಾರರು ನನ್ನ ಮುಖ ನೋಡಿದರು. ಕೈ ಹಾಕಿದ್ದರೆ ಯಾವ ಕೋರ್ಟೂ ನನ್ನನ್ನು ತಪ್ಪು ಎನ್ನುತ್ತಿರಲಿಲ್ಲ.

ಆಗ ತುಳಸಿ ಇನ್ನೊಂದು ಮಾತು ಹೇಳಿದರು. "ಇವನ ಅಪ್ಪನ್ನ ಒಂದ್ಸಲ ಪೊಲೀಸ್ರು ಬರೀ ಕೇಳೂಕೆ ಇದೆ ಹೇಳಿ ಕರ್ಕಂಡಿ ಹೋಗಿದ್ರು. ಆಮೇಲೆ ಅವ್ರು ನೆಟ್ಟಗೆ ನಡೀಲೇ ಇಲ್ಲ."

ಯಾವ ಠಾಣೆ, ಯಾವ ಕಾಲ ಎಂದು ನಾನು ಕೇಳಲಿಲ್ಲ. ನೋಟಿಸ್ ಕೊಟ್ಟು ಹಾಜರಾಗಲು ಹೇಳುವ ಸ್ಥಳ ಠಾಣೆಯೇ ಆಗಬೇಕೆಂದು ಕಾನೂನಿನಲ್ಲಿ ಇಲ್ಲ, ಅಧಿಕಾರಿ ಬೇರೆ ಸ್ಥಳವನ್ನೂ ಸೂಚಿಸಬಹುದು. ಅಲ್ಲೇ ಕೂತು ಹೊಸ ನೋಟಿಸ್ ಬರೆದೆ. ಸ್ಥಳದ ಜಾಗದಲ್ಲಿ ಅವರದೇ ಮನೆಯ ಜಗಲಿ ಎಂದು ಹಾಕಿದೆ. ಠಾಣೆಗೆ ಬೇಡ ಎಂದ ದೇವಿ ಜಗಲಿಗೆ ಬೇಡ ಎಂದಿಲ್ಲವಲ್ಲ ಎಂದಾಗ ತುಳಸಿ ಬಾಗಿಲು ಬಿಟ್ಟು ಸರಿದರು.

ಸಂತೋಷ ಹೇಳಿಕೆ ಕೊಟ್ಟ. ಎಂಜಿನ್ ಅಪ್ಪ, ದೊಡ್ಡಪ್ಪ ಇಬ್ಬರಿಗೂ ಸೇರಿದ್ದು. ಉಪ್ಪುನೀರಿಗೆ ಕೆಟ್ಟಿತ್ತು, ರಿಪೇರಿಗೆ ಅಂಕೋಲೆಗೆ ಒಯ್ದಿದ್ದ. ಎರಡು ಮನೆಗಳ ನಡುವೆ ಮಾತು ಬಿಟ್ಟಿದ್ದರಿಂದ ದೊಡ್ಡಪ್ಪನಿಗೆ ತಿಳಿಸಿರಲಿಲ್ಲ. ಹವಾಲ್ದಾರರು ಮೆಕ್ಯಾನಿಕ್‌ಗೆ ಫೋನ್ ಮಾಡಿದರು. ಎಂಜಿನ್ ಅಲ್ಲೇ ಇತ್ತು. ಮುಂದೆ ಎಲ್ಲ ಪರಿಶೀಲಿಸಿ, ಕಳವು ನಡೆದಿಲ್ಲ ಎಂದು ಕೋರ್ಟಿಗೆ ಬಿ ರಿಪೋರ್ಟ್ ಕಳಿಸಿದೆ. ಹುಡುಗನ ನೌಕರಿ ಉಳಿಯಿತು.

ಆ ದಿನ ನಾವು ಜೀಪ್ ಹತ್ತುವಾಗ ತುಳಸಿ ಹಿಂದೆಯೇ ಬಂದರು. ಮಗನಿಗೆ ಕೇಳಿಸದಂತೆ ಸಣ್ಣ ದನಿಯಲ್ಲಿ ಹೇಳಿದರು.

"ಪ್ರಸಾದ ಬಲಕ್ಕೇ ಬಿದ್ದಿತ್ತು, ಸಾಯ್ಬ್ರೆ. ಎಡಕ್ಕೆ ಬಿತ್ತು ಹೇಳಿ ನಾನೇ ಸುಳ್ಳು ಹೇಳ್ದೆ. ದೇವ್ರು ಕಳ್ಸು ಅಂದ್ರೂ ನಂಗೆ ಕಳ್ಸೂಕೆ ಆಗ್ಲಿಲ್ಲ."

ನನ್ನ ಮೈಮೇಲಿನ ಖಾಕಿಯ ಬಗ್ಗೆ ನನಗೆ ಅಷ್ಟು ನಾಚಿಕೆ ಎಂದೂ ಆಗಿರಲಿಲ್ಲ. ಬಂಧಿಸಬಹುದು ಎಂದು ಕಾನೂನು ಅನುಮತಿ ಕೊಟ್ಟ ದಿನವೂ, ಬಾರದವನ ಮನೆಗೆ ಹೋಗಿ ಯಾಕೆ ಬರಲಿಲ್ಲ ಎಂದು ಮೊದಲು ಕೇಳಬೇಕು ಎಂಬುದನ್ನು ಆ ಹೆಂಗಸು ನನಗೆ ಕಲಿಸಿದರು.