ಟಗರಿಗೆ ಹಾಕಬಹುದೇ?

ಬೆಳಿಗ್ಗೆ ಎಂಟು ಗಂಟೆಯೊಳಗೆ ನನಗೆ ಎರಡು ಕಾಯಿಲೆಯಾದರೂ ಬಂದು ವಾಸಿಯಾಗಿಬಿಡುತ್ತಿದ್ದ ಕಾಲವೊಂದಿತ್ತು. ತೀರಾ ಹಳೆಯ ಕಾಲವೇನಲ್ಲ, ಹೋದ ಬೇಸಿಗೆಯವರೆಗೂ ಇತ್ತು. ಚಹಾದ ಜೊತೆ ಫೋನು ತೆರೆದರೆ ಮೂತ್ರಪಿಂಡ ಕೆಡುತ್ತಿತ್ತು. ಮಂಡಕ್ಕಿ ಒಗ್ಗರಣೆ ಮುಗಿಯುವಷ್ಟರಲ್ಲಿ ಪಿತ್ತಕೋಶದಲ್ಲಿ ಕಲ್ಲು ಕೂತಿರುತ್ತಿತ್ತು. ಸ್ನಾನಕ್ಕೆ ಹೋಗುವ ಮುಂಚೆ ಇನ್ನೊಬ್ಬ ನೆಂಟರು ಕಳಿಸಿದ ವಿಡಿಯೋದಲ್ಲಿ ಎರಡಕ್ಕೂ ಮದ್ದು ಸಿಕ್ಕಿ, ಹಗುರವಾಗಿ ಶಾಲೆಗೆ ಹೊರಡುತ್ತಿದ್ದೆ. ಒಂದು ದಿನ ಯಾವುದೋ ಕಾಯಿಲೆಯ ಆರು ಲಕ್ಷಣಗಳಲ್ಲಿ ನಾಲ್ಕು ನನಗೆ ಕರಾರುವಾಕ್ಕಾಗಿ ಹೊಂದಿ, ಹೆಂಡತಿ ಸರೋಜಳನ್ನು ಕೂಗಿದೆ. ಅವಳು ಫೋನು ಇಸಿದುಕೊಂಡು ಶೀರ್ಷಿಕೆ ಓದಿದಳು. ಅದು ಗರ್ಭಕೋಶದ ಗಡ್ಡೆ.

"ಹೆರಿಗಿ ಯಾವಾಗ್ರೀ?" ಎಂದು ಕೇಳಿ ಒಳಗೆ ಹೋದವಳು ಅರ್ಧ ಗಂಟೆ ನಕ್ಕಳು.

ನಾನು ಕೂಡ್ಲಿಗಿಯಲ್ಲಿ ವಿಜ್ಞಾನದ ಮೇಷ್ಟ್ರು ಎಂಬುದನ್ನು ಇಷ್ಟು ಹೊತ್ತು ಏಕೆ ಮುಚ್ಚಿಟ್ಟೆ ಎಂದು ನಿಮಗೀಗ ತಿಳಿದಿರಬೇಕು. ಕರಿಹಲಗೆಯ ಮೇಲೆ 'ಸಾಕ್ಷಿಯಿಲ್ಲದೆ ಏನನ್ನೂ ನಂಬಬೇಡಿ' ಎಂದು ದಪ್ಪಕ್ಷರದಲ್ಲಿ ಬರೆದು, ಅದರ ಕೆಳಗೇ ಕುರ್ಚಿ ಎಳೆದುಕೊಂಡು, ಬೆಳ್ಳುಳ್ಳಿಯಿಂದ ಬಿಪಿ ಓಡಿಸುವ ವಿಡಿಯೋ ನೋಡಿದ ಮಹಾನುಭಾವ ನಾನು.

ನನ್ನ ನೂರಾರು ಕಾಯಿಲೆಗಳಲ್ಲಿ ಬಿಪಿಯೊಂದೇ ನಿಜವಾದದ್ದು. ಆರು ವರ್ಷದಿಂದ ದಿನಕ್ಕೊಂದು ಮಾತ್ರೆ ನುಂಗುತ್ತಿದ್ದೆ. ಮಾತ್ರೆ ಬರೆದುಕೊಟ್ಟ ಡಾಕ್ಟರು ಎರಡು ನಿಮಿಷಕ್ಕಿಂತ ಹೆಚ್ಚು ಮಾತಾಡಿದವರಲ್ಲ ಎಂಬುದು ನನ್ನ ದೂರು. ವಿಡಿಯೋದವನು ಹಾಗಲ್ಲ. ಬಿಳಿ ಕೋಟು, ಕೊರಳಲ್ಲಿ ಸ್ಟೆತಸ್ಕೋಪು, ಬಾಯಲ್ಲಿ 'ಬಂಧುಗಳೇ'. ಇಪ್ಪತ್ತು ನಿಮಿಷ ನನ್ನೊಬ್ಬನಿಗೇ ಎಂಬಂತೆ ಹೇಳಿದ. ಬೆಳ್ಳುಳ್ಳಿ ಜಜ್ಜಿ, ನಿಂಬೆ ಹಿಂಡಿ, ಒಂದು ಲೋಟ ಕುಡಿಯಿರಿ, ಮಾತ್ರೆ ಎಸೆಯಿರಿ. ನಾನು ಚಿಕ್ಕವನಿದ್ದಾಗ ಹೊಳಲಿನ ಕಡೆಯಿಂದ ನಾಟಿ ವೈದ್ಯರೊಬ್ಬರು ಬರುತ್ತಿದ್ದರು. ಅವರೂ ನಾಡಿ ಹಿಡಿದು, ನಾಲಿಗೆ ನೋಡಿ, ನಿನ್ನೆ ಏನು ತಿಂದೆ, ಯಾವ ಮಗ್ಗುಲಲ್ಲಿ ಮಲಗಿದ್ದೆ ಎಂದೆಲ್ಲ ವಿಚಾರಿಸಿಯೇ ಬೇರು ತೇಯುತ್ತಿದ್ದದ್ದು. ಎಷ್ಟೋ ಸಲ "ಇದು ನನ್ನ ಕೈಲಿ ಆಗಂಗಿಲ್ಲ, ದವಾಖಾನಿಗೆ ಕರ್ಕೊಂಡು ಹೋಗ್ರಿ" ಎಂದು ಕೈಮುಗಿದು ಎದ್ದದ್ದೂ ಉಂಟು. ವಿಡಿಯೋದವನ ಕೈಲಿ ಆಗದ್ದು ಏನೂ ಇರಲಿಲ್ಲ. ಆಗಲೇ ನನಗೆ ಅನುಮಾನ ಬರಬೇಕಿತ್ತು.

"ಡಾಕ್ಟ್ರಿಗೊಂದು ಮಾತು ಕೇಳ್ರಿ" ಎಂದಳು ಸರೋಜ. ನಾನು ಕೇಳಲಿಲ್ಲ. ಮಾತ್ರೆ ಬಿಟ್ಟೆ, ಬೆಳ್ಳುಳ್ಳಿ ಹಿಡಿದೆ. ತರಗತಿಯಲ್ಲಿ ಮೊದಲ ಸಾಲಿನ ಮಕ್ಕಳು ತಾವಾಗಿಯೇ ಮೂರನೇ ಸಾಲಿಗೆ ಹೋದರು. ತಲೆನೋವಿಲ್ಲ, ತಲೆಸುತ್ತಿಲ್ಲ, ಗಾಳಿಯಲ್ಲಿ ತೇಲಿದಂತೆ ಓಡಾಡಿದೆ. ಆ ಹುರುಪಿನಲ್ಲಿ ಕೊಟ್ಟೂರಿನಿಂದ ಹಡಗಲಿಯವರೆಗೆ ಇರುವ ಬಂಧುಬಳಗಕ್ಕೆಲ್ಲ ವಿಡಿಯೋ ಕಳಿಸಿ ಪುಣ್ಯ ಕಟ್ಟಿಕೊಂಡೆ.

ಹದಿನೈದನೇ ದಿನ ಗುಡೇಕೋಟೆಯ ಅಕ್ಕನ ಮನೆಗೆ ಹೋದೆ. ಭಾವ ಓಬಣ್ಣನವರದು ಕುರಿ ಸಾಕುವ ಮನೆತನ. ಅವರ ಮುದ್ದಿನ ಟಗರು ಎರಡು ದಿನದಿಂದ ಸರಿಯಾಗಿ ಮೇಯುತ್ತಿಲ್ಲವೆಂದು ಪಶುವೈದ್ಯರಿಗೆ ಹೇಳಿಕಳಿಸಿ ಕಾಯುತ್ತಿದ್ದರು. ಬಿಡುತ್ತೇನೆಯೇ? ನಮ್ಮ ಬಿಳಿ ಕೋಟಿನವನು ಕುರಿಗೂ ಒಂದು ವಿಡಿಯೋ ಮಾಡಿದ್ದ. ತೋರಿಸಿದೆ. ಭಾವ ಕೊನೆಯವರೆಗೂ ಶಾಂತವಾಗಿ ನೋಡಿದರು.

"ಈ ಮನುಷ್ಯಾ ಯಾವೂರಾವ ಮೇಷ್ಟ್ರೇ?"

"ಗೊತ್ತಿಲ್ಲ."

"ನನ್ನ ಟಗರು ನೋಡ್ಯಾನ? ತೂಕ ಕೇಳ್ಯಾನ? ಮರಿಗೆಷ್ಟು, ಗಬ್ಬದ ಕುರಿಗೆಷ್ಟು, ಹೇಳ್ಯಾನ?"

"ಎಲ್ಲಾಕೂ ಒಂದು ಲೋಟ ಅಂದಾನ."

"ನಾಳಿ ಟಗರಿಗೆ ಹೆಚ್ಚುಕಮ್ಮಿ ಆದ್ರ ಇವನ್ನ ಎಲ್ಲಿ ಹುಡುಕ್ಲಿ?"

"ಕೆಳಗ ಲೈಕ್ ಒತ್ತಾಕ ಜಾಗ ಐತಿ" ಎಂದೆ. ಹೇಳುವಾಗಲೇ ನನ್ನ ದನಿ ಕುಗ್ಗಿತ್ತು.

"ಹಂಗಾದ್ರ ನನ್ನ ಟಗರಿಗೆ ಬ್ಯಾಡ್ರಿ" ಎಂದರು ಭಾವ, ನನಗೆ ಬೇಸರವಾಗದ ಹಾಗೆ.

ಅಷ್ಟರಲ್ಲಿ ಅಕ್ಕ ಫೋನಿನೊಳಗೆ ಇಣುಕಿದಳು. "ಅಯ್ಯ, ಇದೇ ಮನುಷ್ಯಾ ಅಲ್ಲೇನೋ ತಮ್ಮಾ, ನಿನಗ ಬಿಪಿಗೆ ಬೆಳ್ಳುಳ್ಳಿ ಹೇಳಿದಾವ?"

ಭಾವ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದರು. ಟಗರನ್ನು ನೋಡಿದ ರೀತಿಯಲ್ಲೇ. "ಗುಳಿಗಿ ಬಿಟ್ಟೀರೇನು?"

"ಆರಾಮ ಅದೀನಿ ಭಾವ, ಏನೂ ಆಗಿಲ್ಲ."

"ಹೊಟ್ಯಾಗ ಹುಳ ಇದ್ದ ಕುರಿನೂ ಸ್ವಲ್ಪ ದಿನ ಆರಾಮಾಗೇ ಮೇಯ್ತಿರ್ತೈತಿ. ನಡೀರಿ."

ಪಶುವೈದ್ಯರು ಬಂದು ಟಗರನ್ನು ನೋಡಿಹೋದ ಮರುಕ್ಷಣವೇ ಭಾವ ನನ್ನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಕೂಡ್ಲಿಗಿಗೆ, ನನ್ನ ಡಾಕ್ಟರ ಆಸ್ಪತ್ರೆಗೆ ಎಳೆದುತಂದರು. ನರ್ಸಮ್ಮ ಒಮ್ಮೆ ಬಿಪಿ ನೋಡಿದರು. ಪಟ್ಟಿ ಬಿಚ್ಚಿ ಇನ್ನೊಮ್ಮೆ ನೋಡಿದರು. ಮೂರನೆಯ ಸಲ ಡಾಕ್ಟರೇ ಎದ್ದು ಬಂದರು. "ಇನ್ನೊಂದು ವಾರ ಹೀಗೇ ಬಿಟ್ಟಿದ್ದರೆ..." ಎಂದವರು ವಾಕ್ಯ ಮುಗಿಸಲಿಲ್ಲ. ಫೋನಿನಲ್ಲಿ ನೂರು ಕಾಯಿಲೆಗೆ ಹೆದರಿದವನು ನಾನು, ಆದರೆ ಆ ಅರ್ಧ ವಾಕ್ಯಕ್ಕೆ ಹೆದರಿದಂತೆ ಯಾವುದಕ್ಕೂ ಹೆದರಿರಲಿಲ್ಲ. ಸರೋಜಳ ಮುಖ ಕಣ್ಣ ಮುಂದೆ ಬಂತು. ಮಾತ್ರೆ ಅಲ್ಲೇ ನುಂಗಿಸಿದರು. ಸಂಜೆಯವರೆಗೆ ಅಲ್ಲೇ ಮಲಗಿಸಿಕೊಂಡರು.

ಹೊರಡುವಾಗ ಭಾವ ಡಾಕ್ಟರ ಎದುರು ಟಗರಿನ ಪ್ರಶ್ನೆಗಳನ್ನೇ ಒಂದೊಂದಾಗಿ ಇಟ್ಟರು. ಯಾವ ಹೊತ್ತಿಗೆ, ಎಷ್ಟು, ಏನು ತಿನ್ನಬಾರದು, ಮರೆತರೆ ಏನು ಮಾಡಬೇಕು, ಹೆಚ್ಚುಕಮ್ಮಿಯಾದರೆ ಎಲ್ಲಿಗೆ ಬರಬೇಕು. ಡಾಕ್ಟರು ಪೆನ್ನು ಕೆಳಗಿಟ್ಟು, ಹತ್ತು ನಿಮಿಷ ಕೂತು, ಖುಷಿಯಿಂದ ಉತ್ತರ ಕೊಟ್ಟರು. ಆರು ವರ್ಷ ಅವರು ಮಾತಾಡುವುದಿಲ್ಲವೆಂದು ದೂರಿಕೊಂಡು ತಿರುಗಿದ ನಾನು, ಆರು ವರ್ಷದಲ್ಲಿ ಅವರನ್ನು ಒಂದು ಪ್ರಶ್ನೆಯನ್ನೂ ಕೇಳಿರಲಿಲ್ಲ. ಮಕ್ಕಳು ಪ್ರಶ್ನೆ ಕೇಳುವುದಿಲ್ಲವೆಂದು ಬೈಯುವ ಮೇಷ್ಟ್ರ ಕಥೆ ಇದು.

ಈಗಲೂ ನೆಂಟರ ಗುಂಪಿನಲ್ಲಿ ದಿನಕ್ಕೆ ನಾಲ್ಕು ಮದ್ದು ಬಂದು ಬೀಳುತ್ತವೆ. ನಾನು ವಾದ ಮಾಡುವುದಿಲ್ಲ. 'ಓಬಣ್ಣನವರ ಟಗರಿಗೆ ಹಾಕಬಹುದೇ?' ಎಂದಷ್ಟೇ ಬರೆಯುತ್ತೇನೆ. ಗುಂಪು ಅರ್ಧ ದಿನ ಗಪ್‌ಚಿಪ್.

ಟಗರು ಈಗ ಗಟ್ಟಿಮುಟ್ಟಾಗಿದೆ. ನಾನು ಗುಡೇಕೋಟೆಗೆ ಹೋದಾಗಲೆಲ್ಲ ಭಾವ ಮೊದಲು ಅದರ ಕಣ್ಣಿನ ರೆಪ್ಪೆ ಬಿಡಿಸಿ ನೋಡುತ್ತಾರೆ. ಆಮೇಲೆ ನನ್ನ ಕಡೆ ತಿರುಗಿ, "ಗುಳಿಗಿ ಆತೇನ್ರಿ?" ಎನ್ನುತ್ತಾರೆ. ಆ ಸಾಲಿನಲ್ಲಿ ನನಗೆ ಎರಡನೆಯ ಸ್ಥಾನ. ಇಷ್ಟು ವರ್ಷದ ನೌಕರಿಯಲ್ಲಿ ನನಗೆ ಸಿಕ್ಕ ದೊಡ್ಡ ಬಡ್ತಿ ಅದು.