ಅತ್ತೆಯ ನೈಟಿಗೊಂದು ಓವರ್‌ಲಾಕ್ ಮೆಷಿನ್

ಪಾರ್ಶ್ವವಾಯು ಹೊಡೆದ ಕೈಯನ್ನು ನೈಟಿಯ ತೋಳಿಗೆ ತೂರಿಸುವುದು ಎಂಥ ಕೆಲಸ ಎನ್ನುವುದು ಮಾಡಿದವರಿಗೇ ಗೊತ್ತು. ಅಂಗಡಿಯ ನೈಟಿಗಳೆಲ್ಲ ತಲೆಯ ಮೇಲಿಂದ ಹಾಕಿಕೊಳ್ಳುವಂಥವು. ನಮ್ಮತ್ತೆಯ ಎಡಗೈ ಮೇಲಕ್ಕೆ ಏಳುತ್ತಿರಲಿಲ್ಲ. ಹಾಗಾಗಿ ನಾನೇ ಬನಿಯನ್ ಬಟ್ಟೆ ತಂದು, ಮುಂದೆ ಪೂರ್ತಿ ತೆರೆದುಕೊಳ್ಳುವ, ಪಕ್ಕದಲ್ಲಿ ಲಾಡಿ ಕಟ್ಟುವ ನೈಟಿ ಹೊಲಿಯಲು ಶುರುಮಾಡಿದೆ. ನನ್ನ ಹಳೆಯ ಹೊಲಿಗೆ ಮೆಷಿನ್ನಿಗೆ ಹಿಗ್ಗುವ ಬಟ್ಟೆ ಕಂಡರಾಗದು. ಹೊಲಿಗೆ ಸುಕ್ಕುಗಟ್ಟುತ್ತಿತ್ತು, ತೋಳು ಎಳೆದರೆ ದಾರ ಟಪ್ಪೆಂದು ತುಂಡಾಗುತ್ತಿತ್ತು. ಒಳಗಿನ ಅಂಚು ಉಜ್ಜಿ ಉಜ್ಜಿ ಅತ್ತೆಯ ಕಂಕುಳು ಕೆಂಪಾಗುತ್ತಿತ್ತು. ಮನೆ ಹತ್ತಿರದ ಉಳ್ಳೂರ್ ಜಂಕ್ಷನ್ನಿನ ಟೈಲರ್ ಅಂಚಿಗೆ ಓವರ್‌ಲಾಕ್ ಹಾಕಿಕೊಡುತ್ತಿದ್ದರೇನೋ ನಿಜ. ಆದರೆ ಓಣಂ ಬಂತೆಂದರೆ ನಮ್ಮ ನೈಟಿ ಅವರ ಅಂಗಡಿಯ ಮೂಲೆ ಸೇರಿ, ಹಬ್ಬ ಮುಗಿದ ಮೇಲೇ ಹೊರಗೆ ಬರುತ್ತಿತ್ತು. ನನ್ನದೇ ಒಂದು ಓವರ್‌ಲಾಕ್ ಮೆಷಿನ್ ತೆಗೆದುಕೊಳ್ಳುವುದೆಂದು ತೀರ್ಮಾನಿಸಿದೆ.

ನಮ್ಮದು ಬ್ಯಾಂಕಿನ ಸಂಸಾರ. ಮೈಸೂರಿನಿಂದ ಹೊರಟು, ಊರೂರು ಸುತ್ತಿ, ತಿರುವನಂತಪುರಕ್ಕೆ ಬಂದ ಮೇಲೆ ಅತ್ತೆಗೆ ಹೀಗಾಯಿತು. ಡಾಕ್ಟರು, ಫಿಸಿಯೋಥೆರಪಿ ಎಲ್ಲ ಉಳ್ಳೂರಿನಲ್ಲೇ ಹೊಂದಿಕೊಂಡಿತು. ಅಷ್ಟರಲ್ಲಿ ನಮ್ಮವರಿಗೆ ಕೊಚ್ಚಿಗೆ ವರ್ಗವಾಯಿತು. ಹೃದಯವೂ ಸೋತಿದೆ, ಇನ್ನು ಇವರನ್ನು ಊರಿಂದ ಊರಿಗೆ ಕದಲಿಸಬೇಡಿ ಎಂದು ಡಾಕ್ಟರು ಹೇಳಿಬಿಟ್ಟರು. ನಮ್ಮವರು ಕೊಚ್ಚಿಯ ಎಡಪ್ಪಳ್ಳಿಯಲ್ಲಿ ಒಂದು ರೂಮು ಮಾಡಿಕೊಂಡು, ಶನಿವಾರ ರಜೆ ಇದ್ದಾಗಲೆಲ್ಲ ಬಂದು ಹೋಗತೊಡಗಿದರು. ನಾನು ಐಟಿ ಪಾರ್ಕಿನ ಕೆಲಸ ಬಿಟ್ಟು ಮೂರನೆಯ ಮಹಡಿಯ ಬಾಡಿಗೆ ಫ್ಲ್ಯಾಟಿನಲ್ಲಿ ಅತ್ತೆಯ ಜೊತೆ ಉಳಿದೆ. ಉಳಿ ಎಂದು ಯಾರೂ ಹೇಳಲಿಲ್ಲ. ಹೇಳಿದ್ದರೆ ಆಗಲ್ಲ ಎಂದಾದರೂ ಅನ್ನಬಹುದಿತ್ತು. ಅತ್ತೆಯನ್ನು ಕಂಡರೆ ನನಗೆ ನಿಜವಾಗಿ ಇಷ್ಟ. ಆದರೂ ಅಡುಗೆಮನೆಯ ಕಿಟಕಿಯಲ್ಲಿ ನಿಂತು ಬಸ್ಸುಗಳು ಹೋಗುವುದನ್ನು ನೋಡುವಾಗ ಉಸಿರು ಕಟ್ಟುತ್ತಿತ್ತು. ಇಷ್ಟವಾದವರ ಜೊತೆಯೂ ಉಸಿರು ಕಟ್ಟಬಹುದು ಎನ್ನುವುದನ್ನು ಮದುವೆಗೆ ಮುಂಚೆ ಯಾವ ಪುಣ್ಯಾತ್ಮರೂ ಹೇಳಿರುವುದಿಲ್ಲ.

ಅತ್ತೆ ಮಲಗಿದಾಗಲೆಲ್ಲ ಫೋನಿನಲ್ಲಿ ಓವರ್‌ಲಾಕ್ ಮೆಷಿನ್ನಿನ ವಿಡಿಯೋ ನೋಡುವುದೇ ನನ್ನ ಕೆಲಸವಾಯಿತು. ಇರುವುದು ಮುಖ್ಯವಾಗಿ ಎರಡು ಬಗೆ. ಚಿಕ್ಕದು ಮನೆಬಳಕೆಯದು. ಊಟದ ಮೇಜಿನ ಮೇಲಿಟ್ಟು ಹೊಲಿದು, ಮತ್ತೆ ಕಪಾಟಿಗೆ ಸೇರಿಸಬಹುದು. ದೊಡ್ಡದು ಟೈಲರ್‌ಗಳದು. ಮೇಜು ಮೋಟಾರು ಸಮೇತ ಬಂದು ಕೂತರೆ ಕೂತಲ್ಲೇ. ಎರಡೂ ಬಟ್ಟೆಯ ಅಂಚನ್ನು ಕತ್ತರಿಸುತ್ತಲೇ ಅದರ ಸುತ್ತ ದಾರ ಹೆಣೆದುಕೊಂಡು ಹೋಗುತ್ತವೆ. ಚಿಕ್ಕದು ದಪ್ಪ ಬಟ್ಟೆಗೆ ಸ್ವಲ್ಪ ಮುಖ ಸಿಂಡರಿಸುತ್ತದೆ, ದೊಡ್ಡದಕ್ಕೆ ಅದೊಂದು ಲೆಕ್ಕವೇ ಅಲ್ಲ.

ನಮ್ಮವರು ಫೋನಿನಲ್ಲಿ ತಟ್ಟನೆ ಹೇಳಿದರು, “ಚಿಕ್ಕದೇ ತಗೋ. ನಾಳೆ ನೀನು ಇಲ್ಲಿಗೆ ಬರೋವಾಗ ತರೋಕೆ ಸುಲಭ.”

“ನಾಳೆ ಅಂದ್ರೆ ಯಾವಾಗ ರೀ?”

ಯಾವಾಗ ಎನ್ನುವುದು ಇಬ್ಬರಿಗೂ ಗೊತ್ತಿತ್ತು, ಬಾಯಿಬಿಟ್ಟು ಹೇಳುವಂಥದಲ್ಲ. ಚಿಕ್ಕದನ್ನು ಕೊಂಡರೆ ಅತ್ತೆ ಹೋಗುವುದನ್ನೇ ಕಾಯುತ್ತ ಕೂತಂತೆ. ದೊಡ್ಡದನ್ನು ಕೊಂಡರೆ ನಾನು ಈ ಮೂರನೆಯ ಮಹಡಿಯಲ್ಲೇ ಬೇರು ಬಿಟ್ಟಂತೆ. ಒಂದು ಮೆಷಿನ್ ಕೊಳ್ಳುವುದಕ್ಕೆ ಇಷ್ಟೆಲ್ಲ ರಾಮಾಯಣವೇ ಎಂದು ನನ್ನ ಮೇಲೇ ನನಗೆ ರೇಗಿತು.

ಒಂದು ಶನಿವಾರ ರಜೆಗೆ ಬಂದ ನಮ್ಮವರನ್ನು ಅವರಮ್ಮನ ಹತ್ತಿರ ಕೂರಿಸಿ ನಾನು ಬೆಳಗಿನ ರೈಲು ಹಿಡಿದು ಕೊಚ್ಚಿಗೆ ಹೊರಟೆ. ತಿರುವನಂತಪುರದಲ್ಲಿ ಅಂಗಡಿಗಳಿಗೇನೂ ಬರವಿರಲಿಲ್ಲ. ಎಡಪ್ಪಳ್ಳಿಯಲ್ಲಾದರೆ ಎರಡನ್ನೂ ಓಡಿಸಿ ತೋರಿಸುತ್ತಾರೆ ಎಂದು ಹೇಳಿದ್ದು ಬರೀ ನೆಪ. ನನಗೆ ಒಂದು ದಿನದ ಮಟ್ಟಿಗೆ ರೈಲಿನ ಕಿಟಕಿ ಬೇಕಿತ್ತು.

ಅಂಗಡಿಯಲ್ಲಿ ನನ್ನ ವಯಸ್ಸಿನವಳೇ ಒಬ್ಬಳು ಎರಡೂ ಮೆಷಿನ್ನುಗಳಿಗೆ ದಾರ ಪೋಣಿಸಿ, ಬಟ್ಟೆಯ ಚೂರು ಕೊಟ್ಟು ನೀವೇ ಓಡಿಸಿ ಎಂದಳು. ನಾನು ಮೊದಲು ಮಾಡಿದ ಕೆಲಸವೆಂದರೆ ಚಿಕ್ಕ ಮೆಷಿನ್ನನ್ನು ಎರಡೂ ಕೈಯಲ್ಲಿ ಹಿಡಿದು ಎತ್ತಿ ನೋಡಿದ್ದು. ಅವಳಿಗೆ ನಗು ತಡೆಯಲಾಗಲಿಲ್ಲ.

“ತಯ್ಕಾನಲ್ಲೇ ಚೇಚಿ, ಚುಮಕ್ಕಾನಲ್ಲಲ್ಲೋ!”

ಹೊಲಿಯುವುದಕ್ಕಲ್ಲವೇ ಅಕ್ಕಾ, ಹೊರುವುದಕ್ಕಲ್ಲವಲ್ಲ ಎಂದು ಅವಳ ಮಾತು. ಅವಳಿಗೇನು ಗೊತ್ತು! ವರ್ಗವಾಗುವ ಮನೆಗಳಲ್ಲಿ ಯಾವ ವಸ್ತುವನ್ನೂ ಎತ್ತಿ ನೋಡದೆ ಕೊಳ್ಳುವುದಿಲ್ಲ. ಮಿಕ್ಸಿಯಾಗಲಿ ಕುರ್ಚಿಯಾಗಲಿ, ಮೊದಲು ಎತ್ತುವುದು, ಆಮೇಲೆ ಯಾವ ರಟ್ಟಿನ ಪೆಟ್ಟಿಗೆಯಲ್ಲಿ ಹಿಡಿಸೀತು ಎಂದು ಕಣ್ಣಲ್ಲೇ ಅಳೆಯುವುದು, ಚೆನ್ನಾಗಿದೆಯೋ ಇಲ್ಲವೋ ಎನ್ನುವುದು ಕೊನೆಗೆ. ಇದನ್ನು ನನಗೆ ಕಲಿಸಿದವರು ಅತ್ತೆಯೇ. ಮಾವನವರ ಕೇಂದ್ರ ಸರ್ಕಾರದ ನೌಕರಿಯ ಹಿಂದೆ ಅವರೂ ಜೀವಮಾನವಿಡೀ ಗಂಟುಮೂಟೆ ಕಟ್ಟಿದವರು.

ಚಿಕ್ಕದು ಹಗುರವಾಗಿಯೇ ಇತ್ತು. ದೊಡ್ಡದರ ಪೆಡಲ್ ಒತ್ತಿದರೆ ಬಟ್ಟೆ ನನ್ನ ಕೈಯಿಂದ ಕಿತ್ತುಕೊಂಡಂತೆ ಸರ್ರನೆ ಓಡಿತು. ಮನಸ್ಸಾದದ್ದು ಅದರ ಮೇಲೆಯೇ. ಅವಳು ಸಹಜವಾಗಿ ಕೇಳಿದಳು, “ಚೇಚಿ, ಎತ್ರ ಕಾಲತ್ತೇಕ್ಕಾ?”

ಎಷ್ಟು ಕಾಲದ ಮಟ್ಟಿಗೆ ಬೇಕು ಎಂದು. ಪಾಪ, ಗಿರಾಕಿಗಳನ್ನೆಲ್ಲ ಹಾಗೆ ಕೇಳುತ್ತಿದ್ದಳೋ ಏನೋ. “ಅದು ನಂಗೇನ್ರೀ ಗೊತ್ತು?” ಎಂದು ಕನ್ನಡದಲ್ಲೇ ಕಿರುಚಿ ಅಂಗಡಿಯಿಂದ ಇಳಿದು ಬಂದೆ. ಕಣ್ಣಲ್ಲಿ ನೀರು ಬೇರೆ.

ಊರಿಗೆ ಮರಳುವ ರೈಲಿಗೆ ದಕ್ಷಿಣದ ಕಡೆ ಹೋಗಬೇಕಿತ್ತು. ನಾನು ಎದುರು ಕಡೆಯ ಮೆಟ್ರೋ ಹತ್ತಿ ಆಲುವದ ಕಡೆಗೆ ಹೋದೆ. ನಾನು ಎಲ್ಲಿದ್ದೇನೆಂದು ಯಾರಿಗೂ ಗೊತ್ತಿಲ್ಲ ಎನ್ನುವುದೇ ಒಂದು ಸುಖವಾಗಿತ್ತು. ಕೊನೆಯ ಸ್ಟೇಷನ್ನಿನಲ್ಲಿ ಎಲ್ಲರೂ ಇಳಿದರು. ನಾನೂ ಇಳಿದು ಬೆಂಚಿನ ಮೇಲೆ ಕೂತಿದ್ದೆನೋ ಇಲ್ಲವೋ, ಫೋನು ಬಂತು.

“ಲೇ, ಅಮ್ಮನಿಗೆ ನೈಟಿ ಬದಲಾಯಿಸ್ಬೇಕು. ಯಾವ ಕೈ ಮೊದಲು?”

“ಹಾಕೋವಾಗ ಎಡಗೈ ಮೊದಲು. ತೆಗೆಯೋವಾಗ ಬಲಗೈ.”

“ಅಮ್ಮ ಬೈತಾ ಇದಾರೆ. ನೀನು ಬೇಗ ಬಾ.”

ಬೇಗ ಬಾರದೆ ಎಲ್ಲಿಗೆ ಹೋಗಲಿ? ಅದೇ ಮೆಟ್ರೋದಲ್ಲಿ ವಾಪಸು ಹೊರಟೆ.

ಮಾರನೆಯ ಬೆಳಿಗ್ಗೆ ನಮ್ಮವರು ಹಾಲು ತರಲು ಇಳಿದಿದ್ದಾಗ ಅತ್ತೆಗೆ ಇಡ್ಲಿ ತಿನ್ನಿಸುತ್ತಿದ್ದೆ. ಯಾವ ಮೆಷಿನ್ ಗೊತ್ತುಮಾಡಿದೆ ಎಂದು ಕೇಳಿದರು. ಯಾವುದೂ ಇಲ್ಲ ಎಂದೆ. ಅವರು ತುತ್ತು ನುಂಗಿ, ಬದನೆಕಾಯಿಯ ವಿಚಾರ ಮಾತಾಡುವಷ್ಟೇ ಆರಾಮಾಗಿ ಹೇಳಿದರು.

“ಚಿಕ್ಕದೇ ತಗೋ ಕಣೇ. ನಾನು ಹೋದ್ಮೇಲೆ ನಿಂಗೆ ಸಾಗಿಸೋಕೆ ತೊಂದರೆ ಆಗಬಾರ್ದು.”

ನಾನು ಬಾಯಿಬಿಟ್ಟು ಆಡದ ಮಾತನ್ನು ಅವರು ಎಷ್ಟು ದಿನದಿಂದ ಕೇಳಿಸಿಕೊಂಡು ಮಲಗಿದ್ದರೋ! ನನಗೆ ದುಃಖಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು. ಅವರ ಮೇಲೆ, ಮಗನ ಮೇಲೆ, ನನ್ನ ಮೇಲೆ. ತಟ್ಟೆ ತೊಳೆದಿಟ್ಟು, ಎಡಪ್ಪಳ್ಳಿಯ ಅಂಗಡಿಯವಳಿಗೆ ಫೋನು ಮಾಡಿದೆ. ದೊಡ್ಡದನ್ನೇ ಕಳಿಸಿ ಎಂದೆ. ಹೊರಗೆ ಹೋಗುವ ಬಾಗಿಲಿಗೆ ನಾನೇ ಅಡ್ಡವಾಗಿ ಕಲ್ಲು ಇಟ್ಟುಕೊಂಡಂತೆ ಅನಿಸಿತು, ಆದರೂ ಎದೆ ಸ್ವಲ್ಪ ಹಗುರಾಯಿತು. ಇದು ಅವರು ಹೋಗುವುದನ್ನು ಕಾಯುವ ಮನೆಯಲ್ಲ ಎಂದು ಅತ್ತೆಗೆ ಗೊತ್ತಾಗಲಿ ಎಂದಿತ್ತು ನನಗೆ.

ಮೆಷಿನ್ ಬಂತು. ಅದರ ಮೇಜು ಲಿಫ್ಟಿನಲ್ಲಿ ಹಿಡಿಸದೆ ಇಬ್ಬರು ಮೆಟ್ಟಿಲ ಮೇಲೆ ಹೊತ್ತು ತಂದರು. ಬೇರೆಲ್ಲೂ ಜಾಗವಿಲ್ಲದೆ ಅತ್ತೆಯ ಕೋಣೆಯಲ್ಲೇ ಕೂರಿಸಿದೆವು. ಕೂತದ್ದೇ ಒಂದು ನೈಟಿಯ ತೋಳು ಹೊಲಿದೆ. ಅಂಚು ಎಷ್ಟು ಚೆನ್ನಾಗಿ ಬಂತೆಂದರೆ ನನಗೇ ಹೆಮ್ಮೆಯಾಗಿ, ಎದ್ದು ಹೋಗಿ ಅತ್ತೆಯ ಕೆನ್ನೆಗೆ ತಾಗಿಸಿದೆ.

“ಚುಚ್ಚುತ್ತಾ ಅತ್ತೆ?”

“ಇಲ್ಲ, ಮೆತ್ತಗಿದೆ.”

ಅವರು ಮಲಗಿದ್ದಲ್ಲಿಂದಲೇ ಮೆಷಿನ್ನನ್ನು ಒಮ್ಮೆ ಮೇಲಿಂದ ಕೆಳಗಿನವರೆಗೆ ನೋಡಿದರು.

“ಇಷ್ಟು ದೊಡ್ಡದು ತಂದ್ಯಲ್ಲೇ. ಹಾಗಾದ್ರೆ ನಾನಿನ್ನೂ ಎಷ್ಟು ದಿನ ಹೀಗೇ ಬಿದ್ಕೊಂಡಿರ್ಬೇಕು?”

ಎಂದಿನ ಕೊಂಕು ಎಂದುಕೊಂಡು ನಾನು ಜೋರಾಗಿ ನಕ್ಕೆ. ಆಮೇಲೆ ಅವರ ಮುಖ ನೋಡಿದೆ. ಅವರು ನಿಜವಾಗಿಯೂ ಕೇಳುತ್ತಿದ್ದರು.